ಐಟಿಐಯಿಂದ ಡಿಪ್ಲೊಮಾ, ಡಿಪ್ಲೊಮಾದಿಂದ ಬಿಇ: ಲ್ಯಾಟರಲ್ ಎಂಟ್ರಿಯಲ್ಲಿ ಹೋದ ಮಕ್ಕಳು ನಡುವೆ ಯಾಕೆ ನಿಲ್ಲುತ್ತಾರೆ?

ತಾಲ್ಲೂಕು ಜೆಟಿಒ

ಸರ್ಕಾರಿ ಐಟಿಐ ಒಂದರಲ್ಲಿ ಫಿಟ್ಟರ್ ಟ್ರೇಡ್ ಕಲಿಸುವ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ನಾನು. ಎರಡನೇ ವರ್ಷದ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಹುಡುಗರು ಬಂದು ಕೇಳುವ ಪ್ರಶ್ನೆ ಒಂದೇ: "ಸರ್, ಅಪ್ರೆಂಟಿಸ್‌ಗೆ ಹೋಗ್ಲಾ, ಡಿಪ್ಲೊಮಾಗೆ ಸೇರ್ಲಾ?"

ಲೆಕ್ಕ ಹಾಕಿದರೆ ದಾರಿ ಅಷ್ಟೇನೂ ದೂರದ್ದಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ 2 ವರ್ಷ. ಎರಡು ವರ್ಷದ ಟ್ರೇಡ್ ಪಾಸಾದವರಿಗೆ ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಮೂರನೇ ಸೆಮ್, ಅಂದರೆ ಎರಡನೇ ವರ್ಷ; ಇದಕ್ಕೇ ಲ್ಯಾಟರಲ್ ಎಂಟ್ರಿ ಎನ್ನುವುದು. ಅಲ್ಲಿ 2 ವರ್ಷ. ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ. ಅಲ್ಲಿ 3 ವರ್ಷ. ಒಟ್ಟು 7. ಪಿಯುಸಿ ಮಾಡಿ ಬಿಇ ಓದಿದವನಿಗೆ 6. ಒಂದೇ ವರ್ಷ ಹೆಚ್ಚು, ಅದೂ ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು.

ಆದರೆ ನಾನು ಕಳಿಸಿದ ಮಕ್ಕಳಲ್ಲಿ ಕೊನೆಯವರೆಗೆ ಹೋದವರು ಕಡಿಮೆ. ಫೈಲಿಂಗ್‌ನಲ್ಲಿ, ಲೇತ್‌ನಲ್ಲಿ ನನ್ನ ಕಣ್ಣೆದುರು ಪಳಗಿದ ಹುಡುಗರೇ ಪಾಲಿಟೆಕ್ನಿಕ್‌ನ ಮೊದಲ ಸೆಮ್‌ನಲ್ಲೇ ನಾಲ್ಕು ಬ್ಯಾಕ್ ಇಟ್ಟುಕೊಂಡು ಕಾಲೇಜು ಬಿಡುತ್ತಾರೆ. ಆಮೇಲೆ ಐಟಿಐ ಕಡೆಗೂ ತಲೆ ಹಾಕುವುದಿಲ್ಲ, ನಾಚಿಕೆ. ಸಂತೆಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಹೊಸ ಶಿಕ್ಷಣ ನೀತಿ ಬಂದ 2020ರಿಂದ ವೃತ್ತಿ ಶಿಕ್ಷಣ ಮತ್ತು ವಿಶ್ವವಿದ್ಯಾಲಯ ಒಂದೇ ದಾರಿಯಲ್ಲಿ ಕೂಡಬೇಕು ಎಂದು ಕೇಳುತ್ತಲೇ ಇದ್ದೇವೆ. ಈ ದಾರಿಯಲ್ಲಿ ಹೋದವರು, ಮೇಲಿನ ಹಂತದಲ್ಲಿ ಪಾಠ ಮಾಡುವವರು, ಮಕ್ಕಳನ್ನು ಕಳಿಸಿದ ತಂದೆತಾಯಿ ಇಲ್ಲಿದ್ದರೆ ದಯವಿಟ್ಟು ಹೇಳಿ. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ? ಅದನ್ನು ನಾನು ಇಲ್ಲೇ, ನನ್ನ ವರ್ಕ್‌ಶಾಪ್‌ನಲ್ಲೇ ಸರಿಮಾಡಿ ಕಳಿಸಲು ಆಗುತ್ತದೆಯೇ?

ಪೀಣ್ಯದ ಸೆಟ್ಟರ್

ಸರ್, ನಮಸ್ಕಾರ. ನೀವು ಹೇಳಿದ ಹುಡುಗರಲ್ಲಿ ನಾನೂ ಒಬ್ಬ, ಬೇರೆ ತಾಲ್ಲೂಕಿನವನು ಅಷ್ಟೆ. ಟರ್ನರ್ ಟ್ರೇಡ್ ಮುಗಿಸಿ ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿದ್ದೆ. ಒಂದು ವರ್ಷಕ್ಕೆ ಬಿಟ್ಟೆ. ಈಗ ಸಿಎನ್‌ಸಿ ಸೆಟ್ಟರ್, ಕಂಪ್ಯೂಟರ್ ನಡೆಸೋ ಯಂತ್ರಗಳನ್ನ ಕೆಲಸಕ್ಕೆ ಹೊಂದಿಸೋನು.

ಎಡವಿದ್ದು ಎಲ್ಲಿ ಅಂತ ಹೇಳ್ತೀನಿ. ಮೂರನೇ ಸೆಮ್‌ನ ಕ್ಲಾಸಲ್ಲಿ ಮಿಕ್ಕವರೆಲ್ಲ ಒಂದು ವರ್ಷದಿಂದ ಜೊತೆಗಿದ್ದವರು. ಅವರಿಗೆ ಲೆಕ್ಚರರ್ ಗೊತ್ತು, ಇಂಟರ್ನಲ್ಸ್ ಹೇಗೆ ಬರೀಬೇಕು ಗೊತ್ತು, ಲ್ಯಾಬ್ ರೆಕಾರ್ಡ್ ಗೊತ್ತು. ನಾವು ಮೂರು ನಾಲ್ಕು ಜನ ಹಿಂದಿನ ಬೆಂಚು. ಅಡ್ಮಿಷನ್ ಲಿಸ್ಟ್ ತಡವಾಗಿ ಬಂದಿದ್ದರಿಂದ ಪಾಠ ಅಷ್ಟರಲ್ಲಿ ಎರಡು ಯೂನಿಟ್ ಮುಂದೆ ಹೋಗಿತ್ತು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಲ್ಲಿ ಸರ್ ಬೋರ್ಡ್ ಮೇಲೆ ಒಂದು ಇಂಟಿಗ್ರಲ್ ಚಿಹ್ನೆ ಹಾಕಿದ್ರು. ಅದು ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಕೇಳೋಕೆ ಬಾಯಿ ಬರಲಿಲ್ಲ.

ವರ್ಕ್‌ಶಾಪ್ ಪೀರಿಯಡ್‌ನಲ್ಲಿ ಮಾತ್ರ ಉಲ್ಟಾ. ಅವರು ಮೈಕ್ರೋಮೀಟರ್ ಹಿಡಿಯೋದು ನೋಡಿ ನಾನೇ ಹೇಳಿಕೊಡ್ತಿದ್ದೆ. ಆದರೆ ಅದಕ್ಕೆ ಮಾರ್ಕ್ಸ್ ಎಷ್ಟು? ಎರಡು ವರ್ಷ ಕಲಿತು ಬಂದಿದ್ದನ್ನೇ ಮತ್ತೆ ಮೊದಲಿನಿಂದ ಮಾಡಿ ರೆಕಾರ್ಡ್ ಬರೀಬೇಕಿತ್ತು. ಗೊತ್ತಿರೋದನ್ನ ಮತ್ತೆ ಕಲಿಸಿದರು, ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ತಿಳಿದುಕೊಂಡು ಮುಂದೆ ಹೋದರು. ನನ್ನ ಕಷ್ಟ ಇಷ್ಟೇ ಸರ್.

ಗಣಿತ ಮೇಡಂ, ದಾವಣಗೆರೆ

ಪೀಣ್ಯದವರ ಕೊನೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳುವವಳು ನಾನು. ಲ್ಯಾಟರಲ್‌ನಲ್ಲಿ ಬಂದವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಕೂತು ನೋಡುವ ಏರ್ಪಾಡು ನಮ್ಮಲ್ಲಿ ಇಲ್ಲ. ಐಟಿಐ ಸಿಲೆಬಸ್ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ ಪಾಲಿಟೆಕ್ನಿಕ್ ಉಪನ್ಯಾಸಕರು ಎಷ್ಟು ಜನ ಇದ್ದಾರು? ಎರಡು ಕ್ಯಾಂಪಸ್ ಒಂದೇ ರಸ್ತೆಯಲ್ಲಿ ಇರುವ ಊರುಗಳಿವೆ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಇಲಾಖೆಗಳು ಬೇರೆ, ಮಂಡಳಿ ಬೇರೆ. ಐಟಿಐ ಕೈಗಾರಿಕಾ ತರಬೇತಿ ಇಲಾಖೆಯದು, ಪರೀಕ್ಷೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ್ದು (ಡಿಜಿಟಿ). ಪಾಲಿಟೆಕ್ನಿಕ್ ತಾಂತ್ರಿಕ ಶಿಕ್ಷಣ ಇಲಾಖೆಯದು. ಬಿಇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು). ಮೂರು ಮನೆ, ಮಗು ಮಾತ್ರ ಒಂದೇ.

ಈಗ ಗಣಿತದ ಮಾತಿಗೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಮಕ್ಕಳು ಬೀಳುವುದು ಅಲ್ಲೇ. ಐಟಿಐಯ ವರ್ಕ್‌ಶಾಪ್ ಕ್ಯಾಲ್ಕುಲೇಷನ್‌ನಲ್ಲಿ ಅನುಪಾತ, ಶೇಕಡಾವಾರು, ವಿಸ್ತೀರ್ಣ, ಘನಫಲ, ಸ್ವಲ್ಪ ತ್ರಿಕೋನಮಿತಿ ಇರುತ್ತದೆ. ಕಲನಶಾಸ್ತ್ರ ಇಲ್ಲ. ಡಿಪ್ಲೊಮಾದ ಮೊದಲ ವರ್ಷದಲ್ಲಿ ನಾವು ಹೇಳುವ ಮ್ಯಾಟ್ರಿಕ್ಸ್, ಡೆರಿವೇಟಿವ್, ಇಂಟಿಗ್ರೇಷನ್ ಆ ಮಕ್ಕಳಿಗೆ ತಪ್ಪಿಹೋಗುತ್ತದೆ. ಇನ್ನೊಂದು ಸಂಗತಿ ಗಮನಿಸಿ: ಡಿಪ್ಲೊಮಾದ ಸಿ-20 ಪಠ್ಯಕ್ರಮ (2020-21ರದು) ಬಂದ ಮೇಲೆ ಡಿಸಿಇಟಿ ಪ್ರಶ್ನೆಗಳು ಬಹುಪಾಲು ಗಣಿತ, ಸ್ಟ್ಯಾಟಿಸ್ಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್ ಮೂಲಪಾಠದಂಥ ಮೊದಲ ವರ್ಷದ ವಿಷಯಗಳಿಂದಲೇ ಬರುತ್ತವೆ. ಲ್ಯಾಟರಲ್‌ನ ಹುಡುಗ ಆ ವರ್ಷದ ತರಗತಿಯಲ್ಲಿ ಕೂತಿರುವುದೇ ಇಲ್ಲ. ಅಂದರೆ ಮೊದಲ ಮೆಟ್ಟಿಲಲ್ಲಿ ಕೊಟ್ಟ ರಿಯಾಯಿತಿಯೇ ಎರಡನೇ ಮೆಟ್ಟಿಲಲ್ಲಿ ಅವನಿಗೆ ಅಡ್ಡ ನಿಲ್ಲುತ್ತದೆ.

ಜೆಟಿಒ ಸರ್ ಕೇಳಿದ್ದಕ್ಕೆ ನೇರ ಉತ್ತರ: ಹೌದು, ಅಲ್ಲೇ ಸರಿಮಾಡಬಹುದು. ಆ ಮಕ್ಕಳಿಗೆ ಗಣಿತ ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸೈನ್ ಬಾರ್ ಇಟ್ಟು ಕೋನ ಹೊಂದಿಸುವ ಹುಡುಗ ತ್ರಿಕೋನಮಿತಿಯನ್ನು ದಿನವೂ ಮಾಡುತ್ತಿದ್ದಾನೆ. 200 ಮಿ.ಮೀ. ಸೈನ್ ಬಾರ್‌ನಲ್ಲಿ 30 ಡಿಗ್ರಿ ಬೇಕಾದರೆ ಒಂದು ತುದಿಯ ಕೆಳಗೆ 100 ಮಿ.ಮೀ. ಸ್ಲಿಪ್ ಗೇಜ್ ಇಡಬೇಕು ಎಂದು ಅವನಿಗೆ ಗೊತ್ತು. ಸೈನ್ 30 ಎಂದರೆ ಅರ್ಧ ಎಂಬುದು ಬೋರ್ಡ್ ಮೇಲೆ ಬಂದಾಗ ಅದೇ ಹುಡುಗ ತಲೆ ತಗ್ಗಿಸುತ್ತಾನೆ. ಟೇಪರ್ ಟರ್ನಿಂಗ್, ಅಂದರೆ ರಾಡ್ ಒಂದು ತುದಿಗೆ ಸಣ್ಣದಾಗುವಂತೆ ಲೇತ್‌ನಲ್ಲಿ ಕತ್ತರಿಸುವುದನ್ನು ನೋಡಿ. ದೊಡ್ಡ ವ್ಯಾಸ 40, ಸಣ್ಣ ವ್ಯಾಸ 30, ಉದ್ದ 50 ಮಿ.ಮೀ. ಇದ್ದರೆ ಕಾಂಪೌಂಡ್ ಸ್ಲೈಡ್ (ಕತ್ತರಿಸುವ ಟೂಲ್ ಕೂರುವ ಭಾಗ) ಎಷ್ಟು ತಿರುಗಿಸಬೇಕು? ವ್ಯಾಸಗಳ ವ್ಯತ್ಯಾಸ 10, ಅದನ್ನು ಉದ್ದದ ಎರಡರಷ್ಟರಿಂದ, ಅಂದರೆ 100ರಿಂದ ಭಾಗಿಸಿದರೆ 0.1. ಟ್ಯಾನ್ ಬೆಲೆ 0.1 ಇರುವ ಕೋನ ಸುಮಾರು 5 ಡಿಗ್ರಿ 43 ಮಿನಿಟ್. ಇಲ್ಲಿಂದ "ಒಂದು ಮಿಲಿಮೀಟರ್ ಮುಂದೆ ಹೋದರೆ ತ್ರಿಜ್ಯ ಎಷ್ಟು ಬದಲಾಗುತ್ತದೆ?" ಎಂದು ಕೇಳಿದರೆ ಡೆರಿವೇಟಿವ್ ಬಾಗಿಲಿಗೆ ಬಂದ ಹಾಗೆಯೇ. ಅದೇ ಲೇತ್‌ನ ಪಕ್ಕದಲ್ಲಿ ನಿಂತು ಹೇಳಬಹುದಾದ ಪಾಠ ಇದು. ಆದರೆ ಹೇಳಬೇಕಾದ ನಾನು ಇರುವುದು ಬೇರೆ ಕಟ್ಟಡದಲ್ಲಿ.

ಬೊಮ್ಮಸಂದ್ರ ಸೂಪರ್‌ವೈಸರ್

ಎಲ್ಲರ ಮಾತಿಗೂ ಗೌರವ ಇಟ್ಟುಕೊಂಡೇ ಒಂದು ಬೇರೆ ಮಾತು. ಎಲ್ಲರನ್ನೂ ಡಿಗ್ರಿಗೆ ಯಾಕೆ ಓಡಿಸಬೇಕು? ನನ್ನ ಲೈನ್‌ನಲ್ಲಿ ಬಿಇ ಮುಗಿಸಿ ಬಂದು ಕೆಲಸ ಗೊತ್ತಿಲ್ಲದೆ ಟ್ರೈನಿಯಾಗಿ ಉಳಿದವರನ್ನು ನೋಡಿದ್ದೇನೆ. ಒಳ್ಳೆಯ ಟೂಲ್ ಅಂಡ್ ಡೈ ಮೇಕರ್ (ಅಚ್ಚು, ಉಪಕರಣ ಮಾಡುವವನು) ಸಿಗುವುದಿಲ್ಲ. ರಾಜಾಜಿನಗರದ ಜಿಟಿಟಿಸಿಯನ್ನು (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ನೋಡಿ. ಡೆನ್ಮಾರ್ಕ್ ಸಹಕಾರದಲ್ಲಿ 1972ರಲ್ಲಿ ಶುರುವಾಗಿದ್ದು, ಟೂಲ್ ಅಂಡ್ ಡೈ ಮೇಕಿಂಗ್‌ನಲ್ಲಿ 3 ವರ್ಷ ಕಲಿಸಿ 1 ವರ್ಷ ಕಾರ್ಖಾನೆಗೆ ಕಳಿಸುತ್ತಾರೆ. ಆ ಮಕ್ಕಳಿಗೆ ಕೆಲಸಕ್ಕೆ ಯಾರೂ ಕಾಯಿಸುವುದಿಲ್ಲ. ಅಪ್ರೆಂಟಿಸ್ ಮುಗಿಸಿ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ) ತೆಗೆದುಕೊಂಡರೆ ಅದಕ್ಕೂ ಬೆಲೆ ಇದೆ. ಐಟಿಐ ಹುಡುಗ ಹತ್ತೊಂಬತ್ತಕ್ಕೆ ದುಡಿಯಲು ಶುರುಮಾಡಿದರೆ ಮನೆ ಎದ್ದು ನಿಲ್ಲುತ್ತದೆ. ಅವನಿಗೆ ಇನ್ನೂ 5 ವರ್ಷ ಓದು ಎನ್ನುವುದು ಮೇಷ್ಟರಿಗೆ ಸುಲಭ, ಅವರಪ್ಪನಿಗೆ ಕಷ್ಟ.

ಪೀಣ್ಯದ ಸೆಟ್ಟರ್

ಅಣ್ಣಾ, ನೀವು ಹೇಳಿದ್ದರಲ್ಲಿ ನಿಜ ಇದೆ. ನಾನು ದುಡಿದೇ ತಂಗಿ ಮದುವೆ ಮಾಡಿದ್ದು. ಆದರೆ ನನ್ನ ಕಂಪನಿಯಲ್ಲಿ ಸೆಟ್ಟರ್ ಆದ ಮೇಲೆ ಮುಂದಿನ ಜಾಗಕ್ಕೆ "ಡಿಪ್ಲೊಮಾ ಕಡ್ಡಾಯ" ಅಂತ ಬರೆದಿದೆ. ನಾನು ಕೆಲಸ ಕಲಿಸಿದ ಹುಡುಗ ಈಗ ನನಗೆ ಶಿಫ್ಟ್ ಹಾಕ್ತಾನೆ. ಒಳ್ಳೆ ಹುಡುಗ, ಅವನ ಮೇಲೆ ಕೋಪ ಇಲ್ಲ. ಎಲ್ಲರೂ ಓದಲೇಬೇಕು ಅಂತ ನಾನು ಹೇಳ್ತಿಲ್ಲ. ಓದಬೇಕು ಅನ್ನಿಸಿದಾಗ ಬಾಗಿಲು ತೆಗೆದಿರಬೇಕು ಅಷ್ಟೇ.

ನಿವೃತ್ತ ಎಚ್‌ಎಂಟಿ

ಈ ಬಾಗಿಲು ಒಂದು ಕಾಲಕ್ಕೆ ತೆರೆದಿತ್ತು ಎಂದು ಇಂದಿನವರಿಗೆ ಗೊತ್ತಿರಲಿಕ್ಕಿಲ್ಲ. ಜಾಲಹಳ್ಳಿಯಲ್ಲಿ ನಮ್ಮ ಕಾಲದವರು ಫಸ್ಟ್ ಶಿಫ್ಟ್ ಮುಗಿಸಿ ಕ್ಯಾಂಟೀನಿನಲ್ಲೇ ಪುಸ್ತಕ ಬಿಚ್ಚುತ್ತಿದ್ದರು. ಎಎಂಐಇ ಪರೀಕ್ಷೆ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುತ್ತಿದ್ದದ್ದು. ಸೆಕ್ಷನ್ ಎ, ಸೆಕ್ಷನ್ ಬಿ ಎರಡೂ ಪಾಸಾದರೆ ಬಿಇಗೆ ಸಮ ಎಂದು ಕೇಂದ್ರ ಸರ್ಕಾರವೇ ಒಪ್ಪಿತ್ತು. ಬಿಇಎಲ್, ಎಚ್‌ಎಎಲ್, ಎಚ್‌ಎಂಟಿಗಳಲ್ಲಿ ಡಿಪ್ಲೊಮಾದಲ್ಲಿ ಸೇರಿ ಎಂಜಿನಿಯರ್ ಆಗಿ ನಿವೃತ್ತರಾದ ಎಷ್ಟೋ ಜನ ಹೀಗೆ ಬಂದವರು. ಮಕ್ಕಳು ಮಲಗಿದ ಮೇಲೆ ಓದಿ, ಒಂದೊಂದೇ ಪೇಪರ್ ದಾಟಿದವರು. 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಮಾನ್ಯತೆ ಎಂದು ಸರ್ಕಾರ ಗೆರೆ ಎಳೆಯಿತು. ಅಲ್ಲಿಗೆ ಆ ದಾರಿ ಮುಚ್ಚಿತು.

ಬೆಂಗಳೂರಿನಲ್ಲಿ ಯುವಿಸಿಇಯಲ್ಲಿ (ವಿಶ್ವವಿದ್ಯಾಲಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಸಂಜೆ ಬಿಇ ಇತ್ತು, ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಂಜೆ ಡಿಪ್ಲೊಮಾ ಇತ್ತು. 1917ರಲ್ಲಿ ಆ ಎಂಜಿನಿಯರಿಂಗ್ ಕಾಲೇಜು ಶುರುವಾದಾಗಲೂ 1943ರಲ್ಲಿ ಆ ಪಾಲಿಟೆಕ್ನಿಕ್ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಲ್ಲಿ ಶುರುವಾದಾಗಲೂ ಹಿಂದೆ ನಿಂತಿದ್ದವರು ವಿಶ್ವೇಶ್ವರಯ್ಯನವರೇ. ಕೆ.ಆರ್. ಸರ್ಕಲ್‌ನ ಸುತ್ತಮುತ್ತ ಎರಡೂ ನಡೆದು ಹೋಗುವಷ್ಟು ಹತ್ತಿರ. ಕೈಕಸುಬಿನ ಶಾಲೆ, ಎಂಜಿನಿಯರಿಂಗ್ ಕಾಲೇಜು ಎರಡೂ ಬೇಕು ಎಂದು ಕಂಡವರ ಊರಿನಲ್ಲಿ ಇಂದು ಒಂದರಿಂದ ಇನ್ನೊಂದಕ್ಕೆ ಹೋಗಲು ಮಕ್ಕಳು ಇಷ್ಟು ಒದ್ದಾಡುವುದು ನನಗೆ ನೋವಿನ ವಿಷಯ.

ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2023-24ರಿಂದ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಕೆಲಸದಲ್ಲಿರುವವರಿಗೆ ಮತ್ತೆ ಅವಕಾಶ ಕೊಟ್ಟಿದೆ. ಡಿಪ್ಲೊಮಾ ಮುಗಿದು ಕನಿಷ್ಠ ಒಂದು ವರ್ಷ ಕೆಲಸ ಮಾಡಿದವರು ಬಿಇ ಎರಡನೇ ವರ್ಷಕ್ಕೆ ಸೇರಬಹುದು, ತರಗತಿಯ ಹೊತ್ತನ್ನು ಕೆಲಸಕ್ಕೆ ಹೊಂದಿಸಿ ನಡೆಸಬಹುದು. ಕೆಲಸದ ಜಾಗ ಕಾಲೇಜಿನಿಂದ ನಿಗದಿತ ದೂರದೊಳಗೆ ಇರಬೇಕು. ಪೀಣ್ಯದ ತಮ್ಮಾ, ಮೊದಲು ಸಂಜೆ ಡಿಪ್ಲೊಮಾ ವಿಚಾರಿಸು. ವಯಸ್ಸಾಯಿತು ಎನ್ನಬೇಡ. ನಮ್ಮಲ್ಲಿ ನಲವತ್ತು ದಾಟಿ ಪಾಸಾದವರಿದ್ದಾರೆ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ನಾನು ಪೂರಾ ದಾರಿ ಹೋಗಿ ಬಂದಾಕಿ. ಐಟಿಐ ಎಲೆಕ್ಟ್ರಿಷಿಯನ್, ಆಮ್ಯಾಲೆ ಡಿಪ್ಲೊಮಾ, ಆಮ್ಯಾಲೆ ಬಿಇ. ಈಗ ಕೆಲಸದಾಗ ಅದೀನಿ. ಅದಕ್ಕ ಎರಡು ಮಾತು ಹೇಳಬೇಕು ಅನಿಸ್ತು.

ನಮ್ಮ ಟ್ರೇಡ್‌ನ್ಯಾಗ ಹುಡುಗ್ಯಾರು ನಾವು ಮೂರೇ ಮಂದಿ. ಮನ್ಯಾಗ "ಕಂಬ ಏರೂ ಕೆಲಸ ಹುಡುಗಿಗೆ ಯಾಕ" ಅಂದ್ರು. ಡಿಪ್ಲೊಮಾಕ್ಕ ಹೋಗೂ ದಾರಿ ಐತಿ ಅಂತ ನಮ್ಮ ಇನ್‌ಸ್ಟ್ರಕ್ಟರ್ ಮನೀಗೆ ಬಂದು ಅಪ್ಪಗ ತಿಳಿಸಿ ಹೇಳಿದ್ದಕ್ಕ ನಾ ಉಳದೆ. ಹಿಂಗಾಗಿ ಮುಂದ ದಾರಿ ಐತಿ ಅನ್ನೂದು ಬರೇ ಮುಂದ ಹೋಗೂ ಮಂದಿಗಷ್ಟ ಅಲ್ಲ, ಐಟಿಐಗೆ ಮಕ್ಕಳನ್ನ ಕಳಸೂ ಮನೆತನಕ್ಕೂ ಬೇಕಾಗತದ.

ಬಿಇಗೆ ಬಂದಾಗ ಖರೇ ಕಷ್ಟ ಗೊತ್ತಾತು. 2018ರ ಸ್ಕೀಮ್‌ನ್ಯಾಗ ಡಿಪ್ಲೊಮಾದಿಂದ ಬಂದವರಿಗೆ ವಿಟಿಯು ಹೆಚ್ಚುವರಿ ಗಣಿತ ಇಟ್ಟಿತ್ತು, ನಾವೆಲ್ಲ ಮ್ಯಾಟ್‌ಡಿಪ್ ಅಂತಿದ್ವಿ. ಮೂರನೇ ಸೆಮ್‌ಗೊಂದು, ನಾಲ್ಕನೇ ಸೆಮ್‌ಗೊಂದು. ಕ್ರೆಡಿಟ್ ಇಲ್ಲ, ಆದ್ರ ಪಾಸ್ ಆಗಲಿಲ್ಲಂದ್ರ ಡಿಗ್ರಿ ಇಲ್ಲ. ತಲೀ ಕೆಡಸೂದು ಏನಂದ್ರ, ಅದರ ಜೋಡಿನ ಅದ ಸೆಮ್‌ನ್ಯಾಗ ಎಲ್ಲಾರ್ಗೂ ಇರೂ ಗಣಿತನೂ ಬರೀಬೇಕು. ಫೋರಿಯರ್, ಲಾಪ್ಲಾಸ್ ಮುಂಜಾನೆ ಕಲಿಸ್ತಾರ. ಅದಕ್ಕ ಬೇಕಾಗೂ ಇಂಟಿಗ್ರೇಷನ್ ಮಧ್ಯಾಹ್ನ ಮ್ಯಾಟ್‌ಡಿಪ್ ಕ್ಲಾಸ್‌ನ್ಯಾಗ ಶುರು ಆಗತದ. ಬುನಾದಿ ಮತ್ತ ಛತ್ತ ಒಮ್ಮೆ ಕಟ್ಟಿದಂಗ. ಅದೇ ಗಣಿತ ಸೇರೂಕಿಂತ ಮೊದಲ, ರಜಾದಾಗ ಹೇಳಿದ್ರ ಎಷ್ಟು ಮಂದಿ ಉಳೀತಿದ್ರು!

ನಾ ಪಾಸಾಗಿದ್ದು ಹಾಸ್ಟೆಲ್‌ನ್ಯಾಗ ಪಿಯುಸಿಯಿಂದ ಬಂದ ಗೆಳತಿ ಒಬ್ಬಾಕಿ ದಿನಾ ರಾತ್ರಿ ಹೇಳಿಕೊಟ್ಟಿದ್ದಕ್ಕ. ನಾ ಆಕಿಗೆ ಮಷಿನ್ ಲ್ಯಾಬ್ ಹೇಳಿಕೊಡತಿದ್ದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಕನೆಕ್ಷನ್ ಕಣ್ಣು ಮುಚ್ಚಿ ಕೊಡತಿದ್ದೆ ನಾ.

ಗಣಿತ ಮೇಡಂ, ದಾವಣಗೆರೆ

ತಂಗೀ, ನಿನ್ನ ಹಾಸ್ಟೆಲ್ ಕೋಣೆಯಲ್ಲಿ ನಡೆದದ್ದನ್ನೇ ಎರಡು ಸಂಸ್ಥೆಗಳು ಸೇರಿ ಮಾಡಬೇಕಿತ್ತು. ಓದಿ ತುಂಬಾ ಸಂತೋಷವಾಯಿತು.

ಪರೀಕ್ಷಾ ವಿಭಾಗ

ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪೀಣ್ಯದವರು ಕೇಳಿದ "ಕಲಿತು ಬಂದದ್ದಕ್ಕೆ ಮಾರ್ಕ್ಸ್ ಎಷ್ಟು?" ಎಂಬ ಪ್ರಶ್ನೆಗೆ ನಿಯಮದ ಮಟ್ಟದಲ್ಲಿ ಈಗ ಉತ್ತರ ಇದೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಯ ಕಲಿಕೆಗೆ 1 ಕ್ರೆಡಿಟ್ ಎಂದು ಹೇಳುತ್ತದೆ, ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ತರಗತಿಯ ಪಾಠವೋ ವರ್ಕ್‌ಶಾಪೋ ಕಾರ್ಖಾನೆಯ ಕೆಲಸವೋ, ಮೌಲ್ಯಮಾಪನ ಆದರೆ ಮೂರಕ್ಕೂ ಒಂದೇ ಅಳತೆ. ಐಟಿಐಯ ವರ್ಷದ ಅವಧಿಯನ್ನು 2022ರಲ್ಲಿ 1600 ಗಂಟೆಯಿಂದ 1200ಕ್ಕೆ ಇಳಿಸಿದ್ದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಗಳಿಸಿದ ಕ್ರೆಡಿಟ್ಟುಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ವಿದ್ಯಾರ್ಥಿಯ ಖಾತೆಗೆ ಸೇರುತ್ತವೆ. 2021ರ ಯುಜಿಸಿ ನಿಯಮದ ಪ್ರಕಾರ ಅವು ಗರಿಷ್ಠ 7 ವರ್ಷ ಬಾಳುತ್ತವೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು.

ಆದರೆ ಖಾತೆಯಲ್ಲಿ ಕ್ರೆಡಿಟ್ ಇದೆ ಎಂದಾಕ್ಷಣ ಕೆಲಸ ಮುಗಿಯಲಿಲ್ಲ. ಈ ಐಟಿಐ ಟ್ರೇಡಿನ ಈ ಭಾಗಕ್ಕೆ ನಮ್ಮ ಈ ಲ್ಯಾಬ್ ಸಮ ಎಂದು ಬರೆದು ಸಹಿ ಹಾಕಬೇಕಾದದ್ದು ಸೇರಿಸಿಕೊಳ್ಳುವ ಸಂಸ್ಥೆಯ ಅಧ್ಯಯನ ಮಂಡಳಿ. ಅಂಥ ಪಟ್ಟಿ ಇಲ್ಲದಿದ್ದರೆ ನನ್ನ ಮೇಜಿಗೆ ಬಂದ ಅರ್ಜಿಯನ್ನು ನಾನು ಏನು ಮಾಡಲಿ? ನನ್ನ ಕೆಲಸದಲ್ಲಿ ಅತಿ ಬೇಸರದ ಗಳಿಗೆ ಅದೇ. ಎದುರಿಗೆ ನಿಂತ ವಿದ್ಯಾರ್ಥಿಗೆ ಕೆಲಸ ಬರುತ್ತದೆ ಎಂದು ಕಾಣುತ್ತಿರುತ್ತದೆ, ಕಡತದಲ್ಲಿ ಅದನ್ನು ಬರೆಯುವ ಕಾಲಂ ಇರುವುದಿಲ್ಲ.

ಬಿ.ವೋಕ್ ಪದವೀಧರೆ, ಮಂಗಳೂರು

ಸಂಸ್ಥೆಗಳಿಗೆ ಗೊತ್ತಿಲ್ಲದಿದ್ದರೆ ನಿಯಮ ಇದ್ದೂ ಏನು ಆಗುತ್ತದೆ ಎನ್ನುವುದಕ್ಕೆ ನನ್ನದೇ ಉದಾಹರಣೆ. ಬಿ.ವೋಕ್ (ಬ್ಯಾಚುಲರ್ ಆಫ್ ವೊಕೇಷನ್) ಯುಜಿಸಿ 2014ರಲ್ಲಿ ತಂದ ವೃತ್ತಿ ಪದವಿ. 60 ಭಾಗ ಕೌಶಲ, 40 ಭಾಗ ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರು ಮುಗಿಸಿದರೆ ಪದವಿ. ಓದು ನನಗೆ ತುಂಬಾ ಇಷ್ಟವಾಗಿತ್ತು. ಕಂಪನಿಯವರೇ ಬಂದು ಪಾಠ ಮಾಡಿದ್ದಾರೆ, ನಾವು ಅಲ್ಲಿಗೆ ಹೋಗಿ ಕೆಲಸ ಮಾಡಿದ್ದೇವೆ.

ಮುಗಿದ ಮೇಲೆ ಎಂಬಿಎಗೆ ಅರ್ಜಿ ಹಾಕಿದೆ. ಒಂದು ಕಾಲೇಜಿನ ಕೌಂಟರಿನಲ್ಲಿ "ಇದು ಡಿಪ್ಲೊಮಾ ಅಲ್ವಾ?" ಎಂದು ವಾಪಸು ಕೊಟ್ಟರು. ಯಾವುದೇ ಪದವಿ ಸಾಕು ಎನ್ನುವ ಕಡೆ ಬಿ.ವೋಕ್ ಕೂಡ ಅರ್ಹ ಎಂದು ಯುಜಿಸಿ ಪತ್ರವನ್ನೇ ಬರೆದಿದೆ. ಅದರ ಪ್ರತಿ ಹಿಡಿದುಕೊಂಡು ಮತ್ತೆ ಹೋದ ಮೇಲೆ ತೆಗೆದುಕೊಂಡರು. ನನ್ನ ಜೊತೆ ಓದಿದ ಎಲ್ಲರೂ ಹಾಗೆ ಪ್ರತಿ ಹಿಡಿದುಕೊಂಡು ಹೋಗುವವರಲ್ಲ. ಕೆಲವರು ಮೊದಲ ಸಲ ಇಲ್ಲ ಎಂದಾಗಲೇ ಮನೆಗೆ ಹೋದರು. ಈಗ 2024-25ರಿಂದ ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಪದವಿ ಶುರುವಾಗಿದೆ. ಓದುತ್ತಲೇ ಸ್ಟೈಪೆಂಡ್ ಬರುತ್ತದೆ. ಆ ಮಕ್ಕಳು ಮುಗಿಸಿ ಹೊರಗೆ ಬರುವ ಮೊದಲೇ ಎಂ.ಕಾಂ., ಎಂಬಿಎ ಅಡ್ಮಿಷನ್ ಕೌಂಟರುಗಳಿಗೆ ಇದು ಪದವಿ ಎಂದು ತಿಳಿದಿರಲಿ ಎಂದು ನನ್ನ ಕೋರಿಕೆ.

ಸ್ಟುಟ್‌ಗಾರ್ಟ್ ಕನ್ನಡಿಗ

ನಾನಿರುವ ಜರ್ಮನಿಯ ಈ ಊರಿನಲ್ಲಿ ಈ ವಿಷಯಕ್ಕೆ ಐವತ್ತು ವರ್ಷದ ಇತಿಹಾಸ ಇದೆ, ಅದಕ್ಕೇ ಬರೆಯುತ್ತಿದ್ದೇನೆ. 1970ರ ದಶಕದ ಆರಂಭದಲ್ಲಿ ಬಾಷ್, ಡೈಮ್ಲರ್‌ನಂಥ ಕಂಪನಿಗಳು ಇಲ್ಲಿನ ರಾಜ್ಯ ಸರ್ಕಾರದ ಜೊತೆ ಕೂತು ಓದು ಮತ್ತು ಕೆಲಸ ಎರಡನ್ನೂ ಹೆಣೆದ ಕೋರ್ಸ್ ಮಾಡಿದವು; 1974ರಲ್ಲಿ ಅದು ಶುರುವಾಯಿತು. ಆ ಕೋರ್ಸ್ ನಡೆಸುತ್ತಿದ್ದ ಶಿಕ್ಷಣ ಸಂಸ್ಥೆಗಳೇ 2009ರಲ್ಲಿ ವಿಶ್ವವಿದ್ಯಾಲಯದ ರೂಪ ಪಡೆದವು. ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ, ಹೀಗೆ 3 ವರ್ಷ. ಮೂರೂ ವರ್ಷ ಕಂಪನಿ ಸಂಬಳ ಕೊಡುತ್ತದೆ, ರಜೆಯಲ್ಲೂ. ನಮ್ಮ ಆಫೀಸಿನಲ್ಲಿ ಅಂಥ ಹುಡುಗರಿದ್ದಾರೆ. ತರಗತಿಯಲ್ಲಿ ಕಂಟ್ರೋಲ್ ಥಿಯರಿ ಓದಿ, ಕಂಪನಿಗೆ ಬಂದಾಗ ಅದನ್ನೇ ಯಂತ್ರದ ಮೇಲೆ ನೋಡುತ್ತಾರೆ.

2009ರಲ್ಲೇ ಇನ್ನೊಂದು ತೀರ್ಮಾನವಾಯಿತು: ಮೈಸ್ಟರ್ (ಕಸುಬಿನಲ್ಲಿ ಗುರು ದರ್ಜೆಯ) ಪರೀಕ್ಷೆ ಪಾಸಾದ ಕುಶಲಕರ್ಮಿ ಯಾವುದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ಹೈಸ್ಕೂಲಿನ ಅಬಿಟೂರ್ ಇಲ್ಲದಿದ್ದರೂ ಸರಿ.

ಇದನ್ನು ಎತ್ತಿ ನಮ್ಮಲ್ಲಿ ಇಡಲು ಆಗುವುದಿಲ್ಲ, ಇಲ್ಲಿನ ಕಾರ್ಖಾನೆಗಳು ತರಬೇತಿಗೆ ಖರ್ಚು ಮಾಡುವ ಅಭ್ಯಾಸವೇ ಬೇರೆ. ಆದರೆ ಬೆಂಗಳೂರಿಗೆ ಇದು ಹೊಸದೂ ಅಲ್ಲ. ಆಡುಗೋಡಿಯ ಮೈಕೋದಲ್ಲಿ (ಇಂದಿನ ಬಾಷ್) 1961ರ ಹೊತ್ತಿಗೇ ತರಬೇತಿ ಕೇಂದ್ರ ಇತ್ತು. ನಮ್ಮಪ್ಪನ ಓರಗೆಯವರು ಅಲ್ಲಿ ಅಪ್ರೆಂಟಿಸ್ ಆಗಿದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಕಂಪನಿ, ತರಬೇತಿ ಕೇಂದ್ರ ನಮ್ಮಲ್ಲೂ ಜೊತೆಯಾದವು. ಅದರ ಜೊತೆಗೆ ವಿಶ್ವವಿದ್ಯಾಲಯ ಬಂದು ಕೂರಲಿಲ್ಲ.

ಬೊಮ್ಮಸಂದ್ರ ಸೂಪರ್‌ವೈಸರ್

ಸಂಬಳ ಕೊಟ್ಟು ಓದಿಸುವುದಾದರೆ ನನ್ನ ಆಕ್ಷೇಪ ಅರ್ಧ ಹೋಯಿತು. ನಾನು ಹೇಳಿದ್ದು ಮನೆಯ ಕಷ್ಟದ ಮಾತು. ವಾರಕ್ಕೆ ಒಂದು ದಿನ ಹುಡುಗರನ್ನು ತರಗತಿಗೆ ಬಿಡಬಹುದೇ ಎಂದು ನಮ್ಮ ಎಚ್‌ಆರ್ ಅನ್ನು ಕೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ, ಕೇಳುವುದಂತೂ ಖಂಡಿತ. ಆದರೆ ಇನ್ನೊಂದು ಮಾತು ಬಿಡುವುದಿಲ್ಲ. 1200 ಗಂಟೆಗೆ ಇಳಿಸಿದ್ದರಿಂದ ಪ್ರಾಕ್ಟಿಕಲ್ ಕಮ್ಮಿಯಾಗಿದೆ, ಹೊಸಬರ ಕೈಯಲ್ಲಿ ಅದು ನಮಗೆ ಕಾಣುತ್ತದೆ. ಕ್ರೆಡಿಟ್ ಲೆಕ್ಕ ಹೊಂದಿಸಲು ಹೋಗಿ ಫೈಲಿಂಗ್ ಬಾರದ ಫಿಟ್ಟರ್ ಬಂದರೆ ಯಾರಿಗೂ ಉಪಯೋಗ ಇಲ್ಲ.

ತಾಲ್ಲೂಕು ಜೆಟಿಒ

ಸೂಪರ್‌ವೈಸರ್ ಸರ್, ಅದು ನಮ್ಮ ಸಂಕಟವೂ ಹೌದು. ಕಮ್ಮಿಯಾದ ಗಂಟೆಯಲ್ಲಿ ಕೆಲವು ಜಾಬ್‌ಗಳನ್ನು (ವರ್ಕ್‌ಶಾಪ್ ಅಭ್ಯಾಸಗಳನ್ನು) ಒಂದೇ ಸಲ ಮಾಡಿಸಿ ಬಿಡಬೇಕಾಗಿದೆ. ಆನ್ ಜಾಬ್ ಟ್ರೈನಿಂಗ್‌ಗೆ ನಿಮ್ಮಂಥವರು ಮಕ್ಕಳನ್ನು ಕಸ ಗುಡಿಸಲು ಹಚ್ಚದೆ ಯಂತ್ರದ ಹತ್ತಿರ ನಿಲ್ಲಿಸಿದರೆ ಅರ್ಧ ತುಂಬುತ್ತದೆ.

ಒಬ್ಬ ತಾಯಿ, ತುಮಕೂರು ಕಡೆ

ನಿಮ್ಮೆಲ್ಲರ ಮಾತು ಓದ್ತಾ ಇದ್ದೆ. ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಲೆಕ್ಕದಲ್ಲಿ ಕಮ್ಮಿ. ಕನ್ನಡ ಮೀಡಿಯಂ. ಮೋಟಾರು ಬಿಚ್ಚಿ ಜೋಡಿಸೋದು ಅಂದ್ರೆ ಊಟ ಬೇಡ ಅವನಿಗೆ. ಹತ್ತಿರದ ಐಟಿಐ ಟಾಟಾದವರು ಹೊಸದು ಮಾಡಿಕೊಟ್ಟಿದ್ದಾರೆ, ರೋಬೋಟ್ ಎಲ್ಲಾ ಇದೆಯಂತೆ. ನಮ್ಮ ಭಾವನವರು "ಐಟಿಐಗೆ ಹಾಕಿದ್ರೆ ಅಲ್ಲಿಗೆ ಮುಗೀತು, ಪಿಯುಸಿಗೇ ಹಾಕು" ಅಂತಾರೆ. ಏನು ಮಾಡ್ಲಿ? ಇಂಗ್ಲಿಷಿನಲ್ಲಿ ಓದಕ್ಕೆ ಅವನ ಕೈಲಿ ಆಗುತ್ತಾ?

ತಾಲ್ಲೂಕು ಜೆಟಿಒ

ಅಮ್ಮಾ, ಅಲ್ಲಿಗೆ ಮುಗಿಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳು ಹಾಗೆ ಮೇಲ್ದರ್ಜೆಗೆ ಏರಿವೆ, ಯಂತ್ರಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಹೊಸ ಟ್ರೇಡ್‌ಗಳಲ್ಲಿ ಕೆಲವು ಒಂದೇ ವರ್ಷದವು. ಡಿಪ್ಲೊಮಾಗೆ ನೇರ ಎರಡನೇ ವರ್ಷಕ್ಕೆ ಹೋಗಬೇಕಾದರೆ ಎರಡು ವರ್ಷದ ಟ್ರೇಡ್ ಬೇಕು. ರೋಬೋಟ್ ನೋಡಿ ಸೇರಿಸಿಬಿಡಬೇಡಿ, "ಇದು ಎಷ್ಟು ವರ್ಷದ್ದು, ಇದರಿಂದ ಯಾವ ಡಿಪ್ಲೊಮಾ ಬ್ರಾಂಚಿಗೆ ಹೋಗಬಹುದು?" ಎಂದು ಅರ್ಜಿ ಕೊಡುವ ದಿನವೇ ಕೇಳಿ. ಮೋಟಾರು ಇಷ್ಟ ಎಂದರೆ ಎಲೆಕ್ಟ್ರಿಷಿಯನ್ ನೋಡಿ, ಅದು ಎರಡು ವರ್ಷದ್ದು. ಎಂಜಿನಿಯರಿಂಗ್ ಬೇಡ, ಬೇರೆ ಪದವಿ ಓದುತ್ತೇನೆ ಎಂದರೆ ಐಟಿಐ ಜೊತೆಗೆ ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಭಾಷೆ ಸೇರಿದಂತೆ ಉಳಿದ ವಿಷಯ ಬರೆದು ಹನ್ನೆರಡನೇ ತರಗತಿಯ ಪ್ರಮಾಣಪತ್ರವನ್ನೂ ಪಡೆಯಬಹುದು; 2016ರಿಂದ ಆ ಒಪ್ಪಂದ ಇದೆ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಅಕ್ಕಾ, ನಾನೂ ಕನ್ನಡ ಮೀಡಿಯಂನೇ. ಇಂಗ್ಲಿಷ್ ಅಂಜಿಕಿ ಮೊದಲನೇ ವರ್ಷ ಇರತದ, ಸುಳ್ಳು ಹೇಳಂಗಿಲ್ಲ. ಎಐಸಿಟಿಇದವರು ಇ-ಕುಂಭ್ ಅಂತ ಪೋರ್ಟಲ್‌ನ್ಯಾಗ ಡಿಪ್ಲೊಮಾ, ಬಿಇ ಪುಸ್ತಕ ಕನ್ನಡದಾಗ ಪುಕ್ಕಟೆ ಹಾಕ್ಯಾರ. ಕನ್ನಡದಾಗ ಒಮ್ಮೆ ಓದಿ ತಿಳಕೊಂಡು, ಅದನ್ನ ಇಂಗ್ಲಿಷ್‌ನ್ಯಾಗ ಬರದು ನೋಡ್ಲಿ. ನಮ್ಮ ಕಾಲಕ್ಕ ಅದು ಇದ್ದಿದ್ರ ಭಾಳ ಚಲೋ ಆಗತಿತ್ತು.

ಗಣಿತ ಮೇಡಂ, ದಾವಣಗೆರೆ

ಅಮ್ಮಾ, ಲೆಕ್ಕದಲ್ಲಿ ಕಮ್ಮಿ ಎಂದಿರಿ. ಮಗನ ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕ ಮಾರಬೇಡಿ. ಬೀಜಗಣಿತ, ತ್ರಿಕೋನಮಿತಿ ಎರಡು ಅಧ್ಯಾಯ ಐಟಿಐ ಓದುವಾಗಲೂ ಬಿಡದೆ ಮಾಡುತ್ತಿರಲಿ, ದಿನಕ್ಕೆ ನಾಲ್ಕು ಲೆಕ್ಕ ಸಾಕು.

ಜೆಟಿಒ ಸರ್, ನಿಮಗೆ ಒಂದು ಪ್ರಸ್ತಾಪ. ಐಟಿಐ ಪರೀಕ್ಷೆ ಮುಗಿದು ಡಿಪ್ಲೊಮಾ ತರಗತಿ ಶುರುವಾಗುವವರೆಗಿನ ವಾರಗಳು ಖಾಲಿ ಹೋಗುತ್ತವೆ. ಆ ವಾರಗಳಲ್ಲಿ ನಿಮ್ಮ ವರ್ಕ್‌ಶಾಪ್‌ನಲ್ಲೇ ಬೆಳಿಗ್ಗೆ ಎರಡು ಗಂಟೆ ಪಾಠ. ಗಣಿತ ನಾನು ಆನ್‌ಲೈನ್‌ನಲ್ಲಿ ಹೇಳುತ್ತೇನೆ, ಲೇತ್ ಪಕ್ಕ ನೀವು ನಿಲ್ಲಿ. ಟೇಪರ್‌ನಿಂದ ಟ್ಯಾನ್, ಟ್ಯಾನ್‌ನಿಂದ ಇಳಿಜಾರು, ಇಳಿಜಾರಿನಿಂದ ಡೆರಿವೇಟಿವ್. ಆಮೇಲೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ರಾಡ್‌ನ ಘನಫಲ ಕೂಡಿಸಿ ಇಂಟಿಗ್ರೇಷನ್. ಪೀಣ್ಯದವರು ಕಂಡ ಆ ಚಿಹ್ನೆ ಏನೆಂದು ಗೊತ್ತಿಲ್ಲದೆ ಯಾರೂ ಮೂರನೇ ಸೆಮ್‌ಗೆ ಬರಬಾರದು. ನಿಮ್ಮ ಟ್ರೇಡ್ ಥಿಯರಿ ಪುಸ್ತಕ ನನಗೆ ಕಳಿಸಿ, ನಮ್ಮ ಮೊದಲ ವರ್ಷದ ಸಿಲೆಬಸ್ ನಾನು ಕಳಿಸುತ್ತೇನೆ. ಇಬ್ಬರೂ ಪಕ್ಕಪಕ್ಕದಲ್ಲಿಟ್ಟು ಗೆರೆ ಹಾಕೋಣ. ಏನು ಬರುತ್ತದೆ, ಏನು ಬರುವುದಿಲ್ಲ.

ಪರೀಕ್ಷಾ ವಿಭಾಗ

ಆ ಗೆರೆ ಹಾಕಿದ ಹಾಳೆಯ ಒಂದು ಪ್ರತಿ ನನಗೂ ಬೇಕು ಮೇಡಂ. ಅಧ್ಯಯನ ಮಂಡಳಿಯ ಮುಂದೆ ಇಡಲು ಹೇಳಿಕೆ ಸಾಲದು, ಕಾಗದ ಬೇಕು. ಲ್ಯಾಬ್‌ಗಳ ಭಾಗವನ್ನು ಬೇರೆಯಾಗಿ ಬರೆಯಿರಿ: ಯಾವ ಜಾಬ್, ಎಷ್ಟು ಗಂಟೆ, ಯಾರು ಮೌಲ್ಯಮಾಪನ ಮಾಡಿದ್ದು. ಅಷ್ಟು ಇದ್ದರೆ ಟಿಪ್ಪಣಿ ನಾನು ತಯಾರಿಸುತ್ತೇನೆ.

ತಾಲ್ಲೂಕು ಜೆಟಿಒ

ಪುಸ್ತಕ ಇವತ್ತೇ ಪೋಸ್ಟ್ ಮಾಡುತ್ತೇನೆ ಮೇಡಂ. ವರ್ಕ್‌ಶಾಪ್‌ಗೆ ನಮ್ಮ ಪ್ರಾಂಶುಪಾಲರ ಅನುಮತಿ ಬೇಕು, ಸೋಮವಾರ ಕೇಳುತ್ತೇನೆ. ಪ್ರೊಜೆಕ್ಟರ್ ಇದೆ, ನೆಟ್ ಬೆಳಿಗ್ಗೆ ಹೊತ್ತು ಪರವಾಗಿಲ್ಲ. ಪೀಣ್ಯದ ಹುಡುಗನೇ, ಭಾನುವಾರ ಬಿಡುವಿದ್ದರೆ ನೀನೂ ಬಾ. ಮೊದಲ ಸೆಮ್ ಹೇಗಿರುತ್ತದೆ ಎಂದು ನಮ್ಮ ಮಕ್ಕಳಿಗೆ ನಿನ್ನ ಬಾಯಲ್ಲೇ ಹೇಳು.

ಪೀಣ್ಯದ ಸೆಟ್ಟರ್

ಬರ್ತೀನಿ ಸರ್. ಭಾನುವಾರ ನನಗೆ ವೀಕ್ಲಿ ಆಫ್. ಮೇಡಂ ಕ್ಲಾಸಿಗೆ ನಾನೂ ಕೂರಬಹುದಾ?

ಗಣಿತ ಮೇಡಂ, ದಾವಣಗೆರೆ

ಖಂಡಿತ ಕೂರಿ. ನೋಟ್‌ಬುಕ್, ಲಾಗ್ ಟೇಬಲ್ ತನ್ನಿ.